ಕಳಚಿಡುವ ಕಿಟಕಿ

ಮಲೆನಾಡಿನ ಹಳೆಯ ಜೀಪಿನಲ್ಲಿ ಮಳೆಗಾಲ ಕಳೆದವರಿಗೆ ‘ಸೈಡ್ ಪರದೆ’ ಎಂದರೆ ಏನೆಂದು ಹೇಳಬೇಕಾಗಿಲ್ಲ. ಬಾಗಿಲಿಲ್ಲದ ಜೀಪಿನ ಎರಡೂ ಪಕ್ಕಕ್ಕೆ ಟಿಚ್ ಬಟನ್ ಒತ್ತಿ ಕಟ್ಟುವ ರೆಕ್ಸಿನ್ ಪರದೆ. ಅದರ ನಡುವೆ ಹೊರಗೆ ಕಾಣಲೆಂದು ಹೊಲಿದ ಪ್ಲಾಸ್ಟಿಕ್ ಹಾಳೆ. ಹೊಸದರಲ್ಲಿ ತಿಳಿನೀರಿನಂತಿರುತ್ತಿದ್ದ ಆ ಹಾಳೆ ಎರಡು ಬೇಸಿಗೆ ಕಳೆಯುವುದರೊಳಗೆ ಹಳದಿಯಾಗಿ, ಹಪ್ಪಳದಂತೆ ಗರಿಗರಿಯಾಗಿ, ಮಡಿಸಿದಲ್ಲೆಲ್ಲ ಸೀಳುತ್ತಿತ್ತು. ಚಿಕ್ಕಮಗಳೂರಿನಲ್ಲಿ 38 ವರ್ಷ ಕುಶನ್ ಅಂಗಡಿ ನಡೆಸಿದವನು ನಾನು. ಮೇ ತಿಂಗಳ ಕೊನೆ ಬಂತೆಂದರೆ ಕಾಫಿ ತೋಟದ ಜೀಪುಗಳು ಅಂಗಡಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದವು. ಹಾಗಾಗಿ ಇಂಗ್ಲೆಂಡಿನಲ್ಲಿರುವ ಮಗ ಕಳೆದ ವರ್ಷ ಫೋನು ಮಾಡಿ, “ಅಪ್ಪ, ಈ ಸಲ ಬರುವಾಗ ನಿಮ್ಮ ದಬ್ಬಳ, ಮೇಣದ ನೂಲು ತನ್ನಿ” ಎಂದಾಗ ನನಗೆ ನಗು ಬಂತು. ಅಷ್ಟು ದೂರ ವಿಮಾನದಲ್ಲಿ ಹೋಗಿ ಮತ್ತೆ ಪರದೆ ಹೊಲಿಯುವುದೇ!

ಮಗ ಇರುವುದು ಡರ್ಬಿ ಎಂಬ ಊರಿನಲ್ಲಿ. ಆರು ವರ್ಷ ಶನಿವಾರ, ಭಾನುವಾರ ಗ್ಯಾರೇಜಿನಲ್ಲಿ ಕೂತು ಒಂದು ರೋಡ್‌ಸ್ಟರ್ ಕಟ್ಟಿದ್ದಾನೆ. ರೋಡ್‌ಸ್ಟರ್ ಎಂದರೆ ಇಬ್ಬರೇ ಕೂರುವ, ಮೇಲೆ ತೆರೆದಿರುವ ಪುಟ್ಟ ಕಾರು. ಕಾರನ್ನು ಮನೆಯಲ್ಲಿ ಕಟ್ಟುತ್ತಾರೆಯೇ ಎಂದು ನೀವು ಕೇಳಬಹುದು, ಮಕ್ಕಳೇ. ಆ ದೇಶದಲ್ಲಿ ಅದೊಂದು ಹಳೆಯ ಹವ್ಯಾಸ. 1957ರಲ್ಲಿ ಕಾಲಿನ್ ಚಾಪ್‌ಮನ್ ಎಂಬ ಎಂಜಿನಿಯರು ‘ಲೋಟಸ್ ಸೆವೆನ್’ ಎಂಬ ಹಗುರ ಕಾರನ್ನು ಹೊರತಂದರು. ಪೂರ್ತಿ ಕಟ್ಟಿದ ಕಾರಿಗೆ ಆಗ ಅಲ್ಲಿ ಭಾರಿ ಖರೀದಿ ತೆರಿಗೆ. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ. ಜೋಡಿಸುವ ವಿಧಾನವನ್ನು ಬರೆದು ಕೊಡುವಂತಿರಲಿಲ್ಲವಂತೆ. ಅದಕ್ಕೆ ಚಾಪ್‌ಮನ್ ‘ಬಿಚ್ಚುವ ವಿಧಾನ’ ಬರೆದು ಕೊಟ್ಟು, ಕೊನೆಯಿಂದ ಮೊದಲಿಗೆ ಓದಿಕೊಳ್ಳಿ ಎಂದರಂತೆ. ಈ ಕಥೆಯನ್ನು ಅಲ್ಲಿಯ ಕಾರುಪ್ರಿಯರು ಈಗಲೂ ನಗುತ್ತ ಹೇಳುತ್ತಾರೆ. 1973ರಿಂದ ಆ ಕಾರನ್ನು ಕೇಟರ್‌ಹ್ಯಾಮ್ ಕಂಪನಿ ತಯಾರಿಸುತ್ತಿದೆ. 1996ರಲ್ಲಿ ರಾನ್ ಚಾಂಪಿಯನ್ ಎಂಬವರು, 250 ಪೌಂಡಿನಷ್ಟು ಕಡಿಮೆ ಖರ್ಚಿನಲ್ಲಿ ಇಂಥದೇ ಕಾರನ್ನು ಕಟ್ಟುವುದು ಹೇಗೆಂದು ಪುಸ್ತಕವನ್ನೇ ಬರೆದರು. ಹಳೆಯ ಫೋರ್ಡ್ ಎಸ್ಕಾರ್ಟ್ ಒಂದನ್ನು ಬಿಚ್ಚಿ ಅದರ ಎಂಜಿನ್, ಗೇರುಪೆಟ್ಟಿಗೆ, ಹಿಂದಿನ ಆಕ್ಸಲ್ಲನ್ನು ಮನೆಯಲ್ಲೇ ವೆಲ್ಡ್ ಮಾಡಿದ ಚೌಕಟ್ಟಿಗೆ ಕೂರಿಸುವ ಯೋಜನೆ ಅದು. ನನ್ನ ಮಗ ಹಿಡಿದದ್ದೂ ಅದೇ ದಾರಿ. 250 ಪೌಂಡಿಗೆ ಆಯಿತೇ ಎಂದು ಮಾತ್ರ ಅವನನ್ನು ಸೊಸೆಯ ಎದುರು ಕೇಳಬಾರದು.

ಹಾಗೆ ಕಟ್ಟಿದ ಕಾರನ್ನು ಸುಮ್ಮನೆ ರಸ್ತೆಗೆ ಇಳಿಸುವಂತಿಲ್ಲ. ಸರ್ಕಾರದ ಪರೀಕ್ಷೆಯಲ್ಲಿ ಬ್ರೇಕು, ದೀಪ, ಕನ್ನಡಿ ಎಲ್ಲವನ್ನೂ ನೋಡುತ್ತಾರೆ. ಯಾರಿಗಾದರೂ ತಾಗುವಂತಿರುವ ಅಂಚುಗಳು ಚೂಪಾಗಿರದೆ ಕನಿಷ್ಠ ಎರಡೂವರೆ ಮಿಲಿಮೀಟರ್ ತ್ರಿಜ್ಯದಷ್ಟಾದರೂ ದುಂಡಾಗಿರಬೇಕು. ಹಳೆಯ, ಹೊಸ ಭಾಗ ಬೆರೆತು ಇಂಥ ವರ್ಷದ ಗಾಡಿ ಎಂದು ಹೇಳಲಾಗದಿದ್ದರೆ ‘ಕ್ಯೂ’ ಅಕ್ಷರದಿಂದ ಶುರುವಾಗುವ ನಂಬರು ಕೊಡುತ್ತಾರೆ. ಮಗನ ಕಾರಿನದೂ ‘ಕ್ಯೂ’ ನಂಬರೇ.

ಇಷ್ಟೆಲ್ಲ ಆದರೂ ಕಾರಿಗೆ ಪಕ್ಕದ ಕಿಟಕಿ ಇರಲಿಲ್ಲ. ಮಳೆಗೆ ಎಳೆದುಕೊಳ್ಳುವ ಬಟ್ಟೆಯ ಟಾಪು ಇತ್ತು, ಆದರೆ ಪಕ್ಕ ತೆರೆದಿರುವಾಗ ಅದು ಕೊಡೆಯಿದ್ದಂತೆ, ಅಷ್ಟೆ. ಹದಿಮೂರು ವರ್ಷದ ಮೊಮ್ಮಗಳು ಪ್ರತಿ ಶನಿವಾರ ಕನ್ನಡ ತರಗತಿಗೆ ಹೋಗುತ್ತಿದ್ದದ್ದು ಇದರಲ್ಲೇ. ಆ ತರಗತಿಯ ಮೇಲೆ ಅವಳಿಗೆ ಇದ್ದ ಪ್ರೀತಿಯಲ್ಲಿ ಅರ್ಧ ಈ ಕಾರಿನದು ಎಂದು ನನ್ನ ಅನುಮಾನ. ಹಿಂದಿನ ಚಳಿಗಾಲದಲ್ಲಿ ಅವಳಿಗೆ ಎರಡು ಸಲ ಕಿವಿನೋವು ಬಂದಿತ್ತು. ಸೊಸೆ ನನ್ನೆದುರೇ ಹೇಳಿದಳು: “ಮಾವ, ಅಕ್ಟೋಬರಿನೊಳಗೆ ಕಿಟಕಿ ಆಗದಿದ್ದರೆ ಅವಳು ಈ ಕಾರು ಹತ್ತೋ ಹಾಗಿಲ್ಲ. ಇವರೂ ಇದನ್ನ ಮಾರಿಬಿಡಲಿ. ಗ್ಯಾರೇಜಾದರೂ ಖಾಲಿಯಾಗುತ್ತೆ.” ಮಗ ಮಾತಾಡಲಿಲ್ಲ. ಮಾರಾಟದ ಜಾಹೀರಾತಿಗೆಂದು ಅವನು ಆಗಲೇ ಫೋಟೊ ತೆಗೆದಿಟ್ಟಿದ್ದ ಎಂದು ಮೊಮ್ಮಗಳು ಆಮೇಲೆ ಗುಟ್ಟಾಗಿ ತಿಳಿಸಿದಳು.

ಕತ್ತರಿ ಹಿಡಿಯುವ ಮೊದಲು ಗಾಳಿ ಎಲ್ಲಿಂದ ಬರುತ್ತದೆಂದು ನೋಡಬೇಕಿತ್ತು. ಮೊಮ್ಮಗಳು ಉಣ್ಣೆಯ ನೂಲನ್ನು ಬೆರಳುದ್ದ ಕತ್ತರಿಸಿ ಸೀಟಿನ ಬೆನ್ನಿಗೆ, ಕಾರಿನ ಪಕ್ಕಕ್ಕೆ, ಮುಂದಿನ ಗಾಜಿನ ಕಂಬಕ್ಕೆ ಅಂಟಿಸಿದಳು. ಮಗ ಗಂಟೆಗೆ 40 ಮೈಲಿ, ಎಂದರೆ ಸುಮಾರು 65 ಕಿಲೋಮೀಟರ್ ವೇಗದಲ್ಲಿ ಓಡಿಸಿದ. ಪಕ್ಕದಲ್ಲಿ ಕೂತು ನೂಲು ನೋಡುವ ಕೆಲಸ ನನ್ನದು. ಹೊರಗಿನ ನೂಲುಗಳೆಲ್ಲ ಹಿಂದಕ್ಕೆ ಹಾರುತ್ತಿದ್ದವು. ಸೀಟಿನ ಹತ್ತಿರದವು ಮಾತ್ರ ಮುಂದಕ್ಕೆ! ಮುಂದಿನ ಗಾಜನ್ನು ಸುತ್ತಿ ಹಾದುಹೋಗುವ ಗಾಳಿ ತನ್ನ ಹಿಂದೆ ಒತ್ತಡ ಕಡಿಮೆಯಾದ ಜಾಗವೊಂದನ್ನು ಬಿಡುತ್ತದೆ. ಅದನ್ನು ತುಂಬಲು ಹಿಂದಿನಿಂದ, ಪಕ್ಕದಿಂದ ಗಾಳಿ ಸುಳಿಯಾಗಿ ಒಳಗೆ ನುಗ್ಗುತ್ತದೆ. ಹೊಳೆಯ ನಡುವಿನ ಬಂಡೆಯ ಕೆಳಗಡೆ ನೀರು ಹಿಂದಕ್ಕೆ ಸುತ್ತುವುದನ್ನು ಕಂಡಿದ್ದೀರಲ್ಲ, ಹಾಗೆಯೇ. ಹುಡುಗಿಯ ಕಿವಿಗೆ ಹೊಡೆಯುತ್ತಿದ್ದದ್ದು ಈ ಹಿಂದಿನ ಗಾಳಿ.

ಇನ್ನು ಯಾವುದರಿಂದ ಮಾಡುವುದು? ಅಪ್ಪ ಮಗನಿಗೆ ಇಲ್ಲಿ ಜಟಾಪಟಿ. ನನಗೆ ಗೊತ್ತಿದ್ದದ್ದು ಮೆತ್ತನೆಯ ಹಾಳೆ ಮತ್ತು ಹೊಲಿಗೆ. ಅವನಿಗೆ ಬೇಕಾಗಿದ್ದದ್ದು ಗಟ್ಟಿ ಹಾಳೆ. ಗಟ್ಟಿ ಹಾಳೆಯಲ್ಲೂ ಎರಡು ಬಗೆ: ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್. ಎರಡರ ತುಂಡನ್ನೂ ತಂದು, ಮೊಮ್ಮಗಳ ಕಣ್ಣಿಗೆ ಕನ್ನಡಕ ಹಾಕಿಸಿ, ಕೈಗೆ ಸುತ್ತಿಗೆ ಕೊಟ್ಟೆವು. ಅಕ್ರಿಲಿಕ್ ಒಂದೇ ಏಟಿಗೆ ನಾಲ್ಕು ಚೂರಾಯಿತು. ಪಾಲಿಕಾರ್ಬೊನೇಟಿನ ಮೇಲೆ ಅವಳು ಸುಸ್ತಾಗುವವರೆಗೆ ಹೊಡೆದರೂ ತಗ್ಗು ಬಿತ್ತೇ ಹೊರತು ಒಡೆಯಲಿಲ್ಲ. 1953ರಲ್ಲಿ ಜರ್ಮನಿಯ ಹರ್ಮನ್ ಶ್ನೆಲ್, ಅಮೆರಿಕದ ಡೇನಿಯಲ್ ಫಾಕ್ಸ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಒಬ್ಬರಿಗೊಬ್ಬರು ತಿಳಿಯದಂತೆ ಕಂಡುಹಿಡಿದ ಪ್ಲಾಸ್ಟಿಕ್ ಇದು. ಸಿ.ಡಿ.ಗಳು, ಮಕ್ಕಳ ಕನ್ನಡಕದ ಎಷ್ಟೋ ಮಸೂರಗಳು ಇದರಿಂದಲೇ ಆಗುತ್ತವೆ. ಬಿಸಿಲಿಗೆ ಹಳದಿಯಾಗದಂತೆ ಲೇಪ ಹಚ್ಚಿದ ಹಾಳೆಯೂ ಸಿಗುತ್ತದೆ. ಯಾವ ಮುಖ ಹೊರಗಿರಬೇಕೆಂದು ಮೇಲಿನ ತೆಳು ಪೊರೆಯ ಮೇಲೆ ಮುದ್ರಿಸಿರುತ್ತಾರೆ. ನಮ್ಮ ಜೀಪಿನ ಕಾಲದಲ್ಲಿ ಇದು ಸಿಕ್ಕಿದ್ದರೆ ನನ್ನ ಅಂಗಡಿಗೆ ಅರ್ಧ ಗಿರಾಕಿಗಳು ಬರುತ್ತಿರಲಿಲ್ಲ.

ಆದರೆ ಗಟ್ಟಿ ಹಾಳೆಯನ್ನೇ ಕೆಳಗಿನವರೆಗೂ ಇಳಿಸುವಂತಿರಲಿಲ್ಲ, ಏಕೆಂದರೆ ಮೊಣಕೈ! ಈ ಕಾರು ಎಷ್ಟು ಕಿರಿದೆಂದರೆ ಓಡಿಸುವವನ ಮೊಣಕೈ ಅಂಚಿನಿಂದ ಹೊರಗೆ ಬರುತ್ತದೆ. ಕೊನೆಗೆ ರಾಜಿಯಾಯಿತು. ಮೇಲೆ ಮೂರು ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್, ಕೆಳಗೆ ನಾನು ಹೊಲಿಯುವ ರೆಕ್ಸಿನ್ ಸೆರಗು. ಆ ಸೆರಗಿಗೆ ಜೋಳಿಗೆಯಂತೆ ಸ್ವಲ್ಪ ಸಡಿಲು ಬಿಟ್ಟರೆ ಮೊಣಕೈಗೆ ಜಾಗ. ಎರಡನ್ನೂ ಹಿಡಿದಿಡಲು ಬಗ್ಗಿಸಿದ ಉಕ್ಕಿನ ಸರಳಿನ ಚೌಕಟ್ಟು.

ಅಳತೆಗೆ ಟೇಪು ನೆಚ್ಚಿದರೆ ಕೆಲಸ ಕೆಡುತ್ತದೆ. ಕಾರಿನ ಪಕ್ಕದಲ್ಲಿ ನೇರ ಗೆರೆ ಒಂದೂ ಇರುವುದಿಲ್ಲ. ಬೆಳಗಿನ ತಿಂಡಿಯ ರಟ್ಟಿನ ಡಬ್ಬಗಳನ್ನು ಬಿಡಿಸಿ, ಅಂಟಿಸಿ, ಟಾಪು ಏರಿಸಿದ ಕಾರಿಗೇ ಹಿಡಿದು ಕತ್ತರಿಸಿದೆವು. ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಮನೆಯಲ್ಲಿ ವೆಲ್ಡ್ ಮಾಡಿದ ಗಾಡಿಯ ಎರಡು ಪಕ್ಕ ಎಂದೂ ಅವಳಿಜವಳಿ ಆಗಿರುವುದಿಲ್ಲ. ಇವು ಆರು ಮಿಲಿಮೀಟರ್ ಬೇರೆ ಇದ್ದವು. ಪಕ್ಕದ ಕನ್ನಡಿ ಚೌಕಟ್ಟಿನ ಹಿಂದೆ ಮರೆಯಾಗುವುದಿಲ್ಲವಲ್ಲ ಎಂದು ರಟ್ಟಿನಲ್ಲಿ ತೂತು ಕೊರೆದು, ಮಗನನ್ನು ಸೀಟಿನಲ್ಲಿ ಕೂರಿಸಿ ನೋಡಿಕೊಂಡೆವು. ಮೂರನೆಯ ರಟ್ಟಿಗೆ ಸರಿಹೋಯಿತು. ರಟ್ಟು ಪುಕ್ಕಟೆ, ಹಾಳೆ ದುಬಾರಿ.

ತೂತು ಕೊರೆಯುವ ವಿಷಯ ಬಂದಾಗ ಮೊಮ್ಮಗಳು ಶಾಲೆಯ ಲೆಕ್ಕ ತೆಗೆದಳು. ಅರವತ್ತು ಸೆಂಟಿಮೀಟರ್ ಉದ್ದದ ಪಾಲಿಕಾರ್ಬೊನೇಟ್ ಹಾಳೆ, ಚಳಿಗಾಲದ ಸೊನ್ನೆ ಡಿಗ್ರಿಯಿಂದ ಬಿಸಿಲಿನ ನಲವತ್ತು ಡಿಗ್ರಿಗೆ ಹೋದರೆ ಸುಮಾರು 1.6 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಉಕ್ಕು ಹಿಗ್ಗುವುದು 0.3 ಮಿಲಿಮೀಟರ್. “ಹಾಗಾದ್ರೆ ಸ್ಕ್ರೂ ಬಿಗಿದಲ್ಲಿ ಹಾಳೆ ಎಲ್ಲಿಗೆ ಹೋಗಬೇಕು, ಅಜ್ಜ?” ಎಂದಳು. ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಹಾಕುವುದನ್ನು ನಾನು ಹುಡುಗನಾಗಿದ್ದಾಗ ಕಮ್ಮಾರನ ಕುಲುಮೆಯಲ್ಲಿ ಕಂಡಿದ್ದೆ. ಕಾದಾಗ ಹಿಗ್ಗಿ ಸುಲಭವಾಗಿ ಕೂರುವ ಪಟ್ಟಿ, ನೀರು ಹೊಯ್ದ ಕೂಡಲೇ ಕುಗ್ಗಿ ಗಾಲಿಯನ್ನು ಅಪ್ಪುತ್ತದೆ. ಗಾಲಿಗೆ ಬೇಕಾದ ಆ ಅಪ್ಪುಗೆ ನಮ್ಮ ಕಿಟಕಿಗೆ ಬೇಡ. ಅದಕ್ಕೆ ಐದು ಮಿಲಿಮೀಟರ್ ಸ್ಕ್ರೂಗೆ ಏಳು ಮಿಲಿಮೀಟರ್ ತೂತು, ನಡುವೆ ರಬ್ಬರ್ ವಾಷರ್, ಬೆರಳಿನಷ್ಟೇ ಬಿಗಿ. ಬಿಚ್ಚಿಕೊಳ್ಳದಂತೆ ನಟ್ಟಿಗೆ ಹಚ್ಚುವ ಅಂಟನ್ನೂ ಹಚ್ಚಲಿಲ್ಲ. ಆ ಅಂಟು ತಾಗಿದರೆ ಪಾಲಿಕಾರ್ಬೊನೇಟಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ನೈಲಾನ್ ಉಂಗುರವಿರುವ ನಟ್ಟು ಹಾಕಿದೆವು.

ಹಾಳೆಯನ್ನು ಎರಡು ಪ್ಲೈವುಡ್ ನಡುವೆ ಅದುಮಿ ಸಣ್ಣ ಹಲ್ಲಿನ ಗರಗಸದಲ್ಲಿ ಕತ್ತರಿಸಿದ್ದು ಮಗ, ಅಂಚನ್ನು ಎಮರಿ ಪೇಪರಿನಿಂದ ದುಂಡಗೆ ಉಜ್ಜಿದ್ದು ಮೊಮ್ಮಗಳು. ಪೊರೆಯನ್ನು ಕೊನೆಯವರೆಗೂ ಕೀಳಲಿಲ್ಲ.

ಕಳಚುವ ಕಿಟಕಿಯ ಜೀವ ಇರುವುದು ಹಿಂಜಿನಲ್ಲಿ. ಮುಂದಿನ ಗಾಜಿನ ಕಂಬಕ್ಕೆ ಮೇಲೊಂದು, ಕೆಳಗೊಂದು ನೆಟ್ಟಗೆ ನಿಂತ ಕಡ್ಡಿ. ಕಿಟಕಿಯ ಚೌಕಟ್ಟಿನಲ್ಲಿ ಎರಡು ಕೊಳವೆ. ಮೇಲಿನಿಂದ ಇಳಿಸಿದರೆ ಕೂರುತ್ತದೆ, ಎತ್ತಿದರೆ ಬರುತ್ತದೆ. ಎರಡೂ ಕಡ್ಡಿ ಒಂದೇ ಉದ್ದವಿದ್ದರೆ ಎರಡನ್ನೂ ಒಟ್ಟಿಗೆ ಹುಡುಕುತ್ತ ಮಳೆಯಲ್ಲಿ ನಿಲ್ಲಬೇಕಾಗುತ್ತದೆ. ಕೆಳಗಿನ ಕಡ್ಡಿಯನ್ನು ಒಂದು ಸೆಂಟಿಮೀಟರ್ ಉದ್ದ ಇಟ್ಟೆವು. ಮೊದಲು ಅದು ಸಿಗುತ್ತದೆ, ಆಮೇಲೆ ಮೇಲಿನದು ತಾನೇ ಕೂರುತ್ತದೆ. ಹದಿಮೂರರ ಹುಡುಗಿ ಒಂದೇ ಕೈಯಲ್ಲಿ ಹಾಕುತ್ತಾಳೆ.

ಹಿಂದಿನ ಅಂಚಿಗೆ ಪಟ್ಟಿ ಮತ್ತು ತಿರುಗಿಸುವ ಗುಂಡಿ. ಇದನ್ನು ನಾನು ಹಟ ಹಿಡಿದು ಎರಡು ಹಾಕಿಸಿದೆ. ಗಾಳಿ ಕಿಟಕಿಯನ್ನು ಒಳಗೆ ತಳ್ಳುತ್ತದೆಂದು ಎಲ್ಲರೂ ತಿಳಿಯುತ್ತಾರೆ. ವೇಗದಲ್ಲಿ ಆಗುವುದು ತಿರುಗಾಮುರುಗ: ಹೊರಗೆ ಜೋರಾಗಿ ಹರಿಯುವ ಗಾಳಿಯ ಒತ್ತಡ ಕಡಿಮೆಯಾಗಿ ಕಿಟಕಿ ಹೊರಕ್ಕೆ ಸೆಳೆಯಲ್ಪಡುತ್ತದೆ. ತೋಟದ ಜೀಪಿನ ಪರದೆಗಳು ಘಾಟಿಯ ಇಳಿಜಾರಿನಲ್ಲಿ ಹೊರಗೆ ಉಬ್ಬಿ ಗುಂಡಿ ಕಿತ್ತುಕೊಳ್ಳುತ್ತಿದ್ದದ್ದು ಇದಕ್ಕೇ. ಎಂಜಿನಿಯರ್ ಮಗ ಇದನ್ನು ಸೂತ್ರದಲ್ಲಿ ಹೇಳಿದ, ನಾನು ಕಿತ್ತ ಗುಂಡಿಗಳ ಲೆಕ್ಕದಲ್ಲಿ.

ನೀರಿಗೆ ಹಂಚಿನ ಮಾಡಿನ ನ್ಯಾಯ. ಮೇಲಿನ ಹಂಚು ಕೆಳಗಿನದರ ಮೇಲೆ ಒರಗಿದಂತೆ ಟಾಪಿನ ಅಂಚು ಕಿಟಕಿಯ ಹೊರಗೆ, ಕಿಟಕಿಯ ಸೆರಗು ಕಾರಿನ ಮೈಯ ಹೊರಗೆ. ಹೀಗಿದ್ದರೆ ನೀರಿಗೆ ಒಳಗೆ ದಾರಿಯಿಲ್ಲ. ಕಂಬದ ಪಕ್ಕಕ್ಕೆ ರಬ್ಬರ್ ಬೀಡಿಂಗ್. ಆದರೆ ಹಿಂದೆ ಮೇಲ್ಗಡೆ ಒಂದು ಬೆರಳಿನಷ್ಟು ಸಂದು ಬೇಕೆಂದೇ ಬಿಟ್ಟೆವು. ಪೂರ್ತಿ ಮುಚ್ಚಿದರೆ ಇಬ್ಬರ ಉಸಿರಿನ ತೇವಕ್ಕೆ ಐದೇ ನಿಮಿಷದಲ್ಲಿ ಗಾಜು ಮಂಜಾಗಿ, ರಸ್ತೆಯೇ ಕಾಣುವುದಿಲ್ಲ.

ಅಜ್ಜಂದಿರಿಗೆ ಒಂದು ಮಾತು. 1953ರ ಟ್ರಯಂಫ್ ಟಿ.ಆರ್.2, 1955ರ ಎಂ.ಜಿ.ಎ. ಕಾರುಗಳಿಗೂ ಇಂಥ ಕಳಚುವ ಕಿಟಕಿಗಳೇ ಇದ್ದವು. ಕೈ ತೋರಿಸಿ ಸಿಗ್ನಲ್ ಕೊಡುತ್ತಿದ್ದ ಕಾಲ. ಅದಕ್ಕಾಗಿ ಆಗಿನ ಇಂಥ ಎಷ್ಟೋ ಕಿಟಕಿಗಳಲ್ಲಿ ಕೈ ತೂರಿಸುವ ಮಡಿಕೆಯೊಂದು ಇರುತ್ತಿತ್ತು. ನಮ್ಮ ಜೀಪಿನ ಚಾಲಕರು ನಾನು ಅಂದವಾಗಿ ಹೊಲಿದುಕೊಟ್ಟ ಪರದೆಯನ್ನು ಮರುದಿನವೇ ಬ್ಲೇಡಿನಿಂದ ಸೀಳಿ ಅದೇ ಸೌಕರ್ಯ ಮಾಡಿಕೊಳ್ಳುತ್ತಿದ್ದರು. 1961ರ ಟಿ.ಆರ್.4, 1962ರ ಎಂ.ಜಿ.ಬಿ. ಬಂದ ಮೇಲೆ ಆ ಕಾರುಗಳಿಗೂ ತಿರುಗಿಸಿ ಏರಿಸುವ ಗಾಜು ಬಂತು.

ಸೆಪ್ಟೆಂಬರ್ ಕೊನೆಗೆ ಎರಡೂ ಕಿಟಕಿ ಸಿದ್ಧ. ಮೊದಲು ತೋಟದ ಪೈಪಿನ ನೀರು ಬಿಟ್ಟೆವು, ಒಳಗೆ ಕೂತ ಮೊಮ್ಮಗಳು ಒಣಗಿಯೇ ಇದ್ದಳು. ಅಕ್ಟೋಬರಿನ ಮೊದಲ ಶನಿವಾರ ಬೆಳಿಗ್ಗೆಯಿಂದ ಜಡಿಮಳೆ. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಪ್ಪ ಮಗಳು ತರಗತಿಗೆ ಹೋಗಿ ಎರಡೂವರೆ ಗಂಟೆಯ ಮೇಲೆ ವಾಪಸು ಬಂದರು. ಸೊಸೆ ಮಗಳ ಕಿವಿ ಮುಟ್ಟಿ ನೋಡಿದಳು, ಕೂದಲು ಮುಟ್ಟಿ ನೋಡಿದಳು, ಆಮೇಲೆ ಕಾಲುಚೀಲ. ಎಡಗಾಲಿನ ಚೀಲ ಮಾತ್ರ ಒದ್ದೆ. ಕೆಳಗಿನ ಹಿಂಜಿನ ಹತ್ತಿರ ಬೀಡಿಂಗ್ ಮುಗಿಯುವಲ್ಲಿ ಹನಿ ಹನಿಯಾಗಿ ನೀರು ಒಳಗೆ ಇಳಿದಿತ್ತು. “ಒಂದು ಕಾಲುಚೀಲ ತಾನೆ, ಪರವಾಗಿಲ್ಲ” ಎಂದಳು ಸೊಸೆ. ಮಗ ಅಂದೇ ಸಂಜೆ ಫೋನಿನಿಂದ ಆ ಫೋಟೊಗಳನ್ನು ಅಳಿಸಿದ. ಮರುದಿನ ಆ ಜಾಗಕ್ಕೆ ನಾಲ್ಕು ಸೆಂಟಿಮೀಟರ್ ರಬ್ಬರ್ ಸೇರಿಸಿದೆವು.

ಬಿಸಿಲಿನ ದಿನ ಕಳಚಿದ ಕಿಟಕಿಗಳನ್ನು ಇಡಲು ಹಳೆಯ ಫ್ಲಾನೆಲ್ ಹೊದಿಕೆಯಿಂದ ಎರಡು ಅರೆಯ ಚೀಲ ಹೊಲಿದಿದ್ದೇನೆ. ಒಂದಕ್ಕೊಂದು ತಾಗಿದರೆ ಗೀರು ಬೀಳುತ್ತದೆ. ಪಾಲಿಕಾರ್ಬೊನೇಟ್ ಸುಲಭವಾಗಿ ಒಡೆಯದು, ಆದರೆ ಧೂಳಿಗೆ ಬಹಳ ಅಂಜುತ್ತದೆ. ಒಣಬಟ್ಟೆಯಲ್ಲಿ ಒರೆಸಲೇಬಾರದು. ಪೆಟ್ರೋಲು, ಗಾಜು ತೊಳೆಯುವ ಅಮೋನಿಯಾ ದ್ರವ ಹತ್ತಿರ ಸುಳಿಯಬಾರದು. ಮೊದಲು ನೀರು ಹೊಯ್ದು, ಆಮೇಲೆ ಸ್ವಲ್ಪ ಸೋಪಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಹತ್ತಿಬಟ್ಟೆ. ಒಗೆದು ಒಗೆದು ಸವೆದ ನನ್ನದೊಂದು ಪಂಚೆಯನ್ನು ಅದಕ್ಕೆಂದೇ ಬಿಟ್ಟು ಬಂದೆ.

ರಟ್ಟಿನ ಅಚ್ಚುಗಳು ಈಗ ಗ್ಯಾರೇಜಿನ ಗೋಡೆಯ ಮೇಲೆ ತೂಗುತ್ತಿವೆ. ಮುಂದೆ ಹಾಳೆ ಬದಲಿಸಬೇಕಾದಾಗ ಮತ್ತೆ ಅಳೆಯುವ ಕೆಲಸವಿಲ್ಲ. ಮೊಮ್ಮಗಳು ಅವುಗಳ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ‘ಎಡ’, ‘ಬಲ’ ಎಂದು ಬರೆದಿದ್ದಾಳೆ. ‘ಬಲ’ದ ಕೆಳಗೆ ಒಂದು ಬಾಣ, ಅದರ ಪಕ್ಕದಲ್ಲಿ ‘ಅಪ್ಪನ ಮೊಣಕೈ’.