ಮಂಗಳಗಿರಿಯಿಂದ ಅಮರಾವತಿಗೆ: ರಾಜಧಾನಿಯನ್ನು ಓದುವ ಶಾಲಾ ಪ್ರವಾಸ

ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳ ರಾಜಧಾನಿ ಪ್ರವಾಸವು ಆಂಧ್ರಪ್ರದೇಶದಲ್ಲಿ ಮಂಗಳಗಿರಿಯಿಂದ ಆರಂಭವಾದರೆ, ಚರಿತ್ರೆ ಮತ್ತು ಪೌರನೀತಿಯ ಪಾಠಗಳೆರಡೂ ಒಂದೇ ದಿನದಲ್ಲಿ ಕೂಡಿಬರುತ್ತವೆ.

ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಹನ್ನೊಂದು ಅಂತಸ್ತಿನ ಗಾಳಿಗೋಪುರ, ಎಂದರೆ ಎತ್ತರದ ಪ್ರವೇಶಗೋಪುರವಿದ್ದು, ಊರಿನ ಶಿಲಾಶಾಸನವು 1515ರಲ್ಲಿ ಕೃಷ್ಣದೇವರಾಯನ ಮಂತ್ರಿ ತಿಮ್ಮರಸು ಕೊಂಡವೀಡು ಕೋಟೆಯನ್ನು ಗೆದ್ದುದನ್ನು ದಾಖಲಿಸಿ, ಹಂಪಿಯ ಚರಿತ್ರೆಗೆ ಮಂಗಳಗಿರಿಯನ್ನು ಜೋಡಿಸುತ್ತದೆ.

ಸಮೀಪದ ವೆಲಗಪೂಡಿಯಲ್ಲಿ 2017ರಿಂದ ತಾತ್ಕಾಲಿಕ ವಿಧಾನಸಭಾ ಭವನವಿದ್ದು, 2015ರಲ್ಲಿ ಶಂಕುಸ್ಥಾಪನೆಗೊಂಡ ಅಮರಾವತಿ ರಾಜಧಾನಿಗಾಗಿ ರೈತರು ಭೂಕ್ರೋಡೀಕರಣದಡಿ, ಎಂದರೆ ಜಮೀನಿಗೆ ಬದಲಾಗಿ ಅಭಿವೃದ್ಧಿಪಡಿಸಿದ ನಿವೇಶನ ಪಡೆಯುವ ಕರಾರಿನಡಿ, 33,000ಕ್ಕೂ ಹೆಚ್ಚು ಎಕರೆಗಳನ್ನು ಒಪ್ಪಿಸಿದರು.

ಹೊಸ ನಗರಕ್ಕೆ ಹೆಸರು ಕೊಟ್ಟ ಹಳೆಯ ಅಮರಾವತಿಯ ಬೌದ್ಧ ಸ್ತೂಪದ ಶಿಲ್ಪಶೈಲಿಯು ಕಲಬುರಗಿ ಜಿಲ್ಲೆಯ ಸನ್ನತಿ ಪರಿಸರದಲ್ಲೂ ಕಾಣಸಿಗುವುದರಿಂದ, ಈ ಪ್ರವಾಸ ಕನ್ನಡದ ಮಕ್ಕಳಿಗೂ ಸ್ವಂತ ನೆಲದ ಪಾಠವೇ ಆಗುತ್ತದೆ.