ಶಾಲೆಯ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಬೇಕೆ?

ಅಭ್ಯಾಸ ಬೋಧನೆಗೆಂದು ನನ್ನನ್ನು ನಿಯೋಜಿಸಿದ್ದ ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಹನ್ನೊಂದು ಯಂತ್ರಗಳಿವೆ. ಕೆಟ್ಟು ಮೂಲೆ ಸೇರಿದವು ಈ ಲೆಕ್ಕದಲ್ಲಿಲ್ಲ. 2025ರ ನವೆಂಬರಿನಲ್ಲಿ ಒಂದು ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕರೆದರು. "ನೋಡಮ್ಮ, ಕಂಪ್ಯೂಟರ್ ಆನ್ ಮಾಡಿದ್ರೆ ವಿಂಡೋಸ್ 10 ಮುಗೀತು ಅಂತ ಬರ್ತಿದೆ. ಎಲ್ಲಾನೂ ಬದಲಾಯಿಸಿ ಅಂತ ಹೇಳೋರೇ ಜಾಸ್ತಿ. ಹಳೇ ವಿದ್ಯಾರ್ಥಿಗಳು ಕೊಟ್ಟ ದುಡ್ಡಿದೆ, ಆದ್ರೆ ಅದನ್ನ ವಿಜ್ಞಾನ ಪ್ರಯೋಗಾಲಯಕ್ಕೆ ಅಂತ ಇಟ್ಟಿದ್ವಿ. ನೀನು ಬಿಎಸ್ಸಿ ಮಾಡಿದೀಯ, ಏನ್ ಮಾಡ್ಬೇಕು ಅಂತ ಒಂದು ಹಾಳೇಲಿ ಬರ್ಕೊಡು. ಶನಿವಾರ ಎಸ್‌ಡಿಎಂಸಿ ಸಭೆ ಇದೆ."

ನಾನು ಓದಿದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಆದರೆ ಶಾಲೆಯಲ್ಲಿ ಬಿಎಸ್ಸಿ ಅಂದರೆ ಫ್ಯೂಸ್ ಹಾಕುವುದರಿಂದ ಹಿಡಿದು ಪ್ರೊಜೆಕ್ಟರ್ ಜೋಡಿಸುವವರೆಗೆ ಎಲ್ಲವೂ ಬರುತ್ತದೆಂದು ನಂಬಿಕೆ. ಆ ಒಂದು ಹಾಳೆ ಬರೆಯಲು ನನಗೆ ಐದು ದಿನ ಬೇಕಾಯಿತು. ನಡುವೆ ಒಂದು ದೊಡ್ಡ ತಪ್ಪೂ ಆಯಿತು. ಇನ್ನೊಂದು ಶಾಲೆಯಲ್ಲಿ ನಿಮಗೂ ಇದೇ ಪ್ರಶ್ನೆ ಎದುರಾಗಬಹುದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು 'ಮುಗೀತು' ಅಂದರೆ ಏನು ಎಂದು ತಿಳಿಯಬೇಕು. ವಿಂಡೋಸ್ 10 ಹೊರಬಂದದ್ದು 2015ರ ಜುಲೈ 29ರಂದು. ಅದನ್ನು ತಯಾರಿಸಿದ ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಇದರಿಂದ ಯಂತ್ರ ನಿಲ್ಲುವುದಿಲ್ಲ, ಕಡತಗಳು ಅಳಿಯುವುದಿಲ್ಲ. ಪಠ್ಯಪುಸ್ತಕ ಅಚ್ಚಾದ ಮೇಲೆ ತಪ್ಪು ಕಂಡುಬಂದರೆ ತಿದ್ದೋಲೆ ಬರುತ್ತದಲ್ಲ, ಹಾಗೆ ಕಾರ್ಯಾಚರಣಾ ವ್ಯವಸ್ಥೆಗೂ ಪ್ರತಿ ತಿಂಗಳು ತಿದ್ದೋಲೆ ಬರುತ್ತಿತ್ತು. ಈಗ ಪುಸ್ತಕ ಇದೆ, ತಿದ್ದೋಲೆ ಇಲ್ಲ.

ಈ ಹೋಲಿಕೆಯನ್ನು ಒಂಬತ್ತನೆಯ ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗ, "ತಪ್ಪು ಇದ್ರೆ ಇರ್ಲಿ ಮಿಸ್, ನಾವು ಓದ್ಕೊಂಡ್ ಹೋಗ್ಬೋದಲ್ಲ" ಎಂದ. ಅವನು ಹೇಳಿದ್ದು ಸರಿ, ಹೋಲಿಕೆಯೇ ಸಾಲದು. ಇಲ್ಲಿ ತಿದ್ದೋಲೆಯನ್ನು ಕಳ್ಳನೂ ಓದುತ್ತಾನೆ. ವಿಂಡೋಸ್ 11ರ ಬಹಳಷ್ಟು ಭಾಗ ವಿಂಡೋಸ್ 10ರಿಂದಲೇ ಬಂದದ್ದು. ಹೊಸದಕ್ಕೆ ಒಂದು ತಿದ್ದುಪಡಿ ಬಂತೆಂದರೆ, ಹಳೆಯದರಲ್ಲಿ ಅದೇ ತೂತು ಎಲ್ಲಿರಬಹುದು ಎಂದು ಬಲ್ಲವರಿಗೆ ಸುಳಿವು ಸಿಗುತ್ತದೆ. 2017ರ ಮೇ 12ರಂದು ವಾನ್ನಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹರಡಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ತೂತಿಗೆ ತಿದ್ದುಪಡಿ ಮಾರ್ಚ್ ತಿಂಗಳಲ್ಲೇ ಬಂದಿತ್ತು. ಸಿಕ್ಕಿಬಿದ್ದವರಲ್ಲಿ ಬಹುಪಾಲು ಅದನ್ನು ಹಾಕಿಕೊಳ್ಳದ ವಿಂಡೋಸ್ 7ರ ಯಂತ್ರಗಳು. ತಿದ್ದುಪಡಿ ಬಂದರೂ ಹಾಕದವರ ಸ್ಥಿತಿ ಹೀಗಾದರೆ, ತಿದ್ದುಪಡಿಯೇ ಬರದ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಿಟ್ಟರೆ ಏನಾಗಬಹುದು ಎಂಬುದೇ ನಿಜವಾದ ಅಪಾಯ. ಜೋಡಿಸದೆ ಇಟ್ಟರೆ ಅಪಾಯ ಬಹಳ ಕಡಿಮೆ, ಪೆನ್‌ಡ್ರೈವ್‌ನಿಂದ ಬರುವುದಷ್ಟೇ ಉಳಿಯುತ್ತದೆ. ಈ ವ್ಯತ್ಯಾಸವೇ ಕೊನೆಗೆ ನನಗೆ ದಾರಿ ತೋರಿಸಿತು.

ಮಂಗಳವಾರ ಆಟದ ಅವಧಿಯಲ್ಲಿ ಹನ್ನೊಂದೂ ಯಂತ್ರಗಳ ವಿವರವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. 'ದಿಸ್ ಪಿಸಿ' ಮೇಲೆ ಮೌಸಿನ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆದರೆ ಪ್ರೊಸೆಸರಿನ ಹೆಸರೂ ಮೆಮೊರಿಯೂ ಕಾಣುತ್ತವೆ. ಇಂಟೆಲ್ ಪ್ರೊಸೆಸರಾದರೆ ಹೆಸರಿನ ಅಡ್ಡಗೆರೆಯ ಮುಂದಿನ ಸಂಖ್ಯೆ ನೋಡಿ. ಐ3-4130 ಎಂದಿದ್ದರೆ ನಾಲ್ಕನೆಯ ಪೀಳಿಗೆ, ಐ3-8100 ಎಂದಿದ್ದರೆ ಎಂಟನೆಯದು, ಐ5-10400 ಎಂದಿದ್ದರೆ ಹತ್ತನೆಯದು. ವಿಂಡೋಸ್ 11 ಕೇಳುವುದು, ಕೆಲವೇ ಅಪವಾದಗಳನ್ನು ಬಿಟ್ಟರೆ, ಎಂಟನೆಯ ಪೀಳಿಗೆ ಅಥವಾ ಅದರ ಮುಂದಿನದನ್ನು. ಜೊತೆಗೆ 4 ಜಿಬಿ ಮೆಮೊರಿ, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಟಿಪಿಎಂ 2.0. ಟಿಪಿಎಂ ಎಂದರೆ ಗುಪ್ತ ಕೀಲಿಗಳನ್ನು ಮುಖ್ಯ ತಂತ್ರಾಂಶದಿಂದ ಬೇರೆಯಾಗಿ ಕಾಪಾಡುವ ಏರ್ಪಾಡು. ಕೆಲವು ಯಂತ್ರಗಳಲ್ಲಿ ಅದು ಪ್ರತ್ಯೇಕ ಚಿಪ್ಪು, ಕೆಲವದರಲ್ಲಿ ಪ್ರೊಸೆಸರಿನ ಒಳಗೇ ಇರುತ್ತದೆ. ನಮ್ಮಲ್ಲಿ ಒಂದು ಯಂತ್ರ ಮೊದಲು 'ಅರ್ಹವಲ್ಲ' ಎಂದು ತೋರಿಸಿತು. ಬಯಾಸ್ ಒಳಗೆ ಹೋಗಿ ನೋಡಿದರೆ ಟಿಪಿಎಂ ಇತ್ತು, ಯಾರೂ ಚಾಲೂ ಮಾಡಿರಲಿಲ್ಲ ಅಷ್ಟೆ. ಚಾಲೂ ಮಾಡಿದ ಮೇಲೆ ಅರ್ಹವಾಯಿತು. ಆದ್ದರಿಂದ ಮೊದಲ ಉತ್ತರ ನೋಡಿಯೇ ಯಂತ್ರವನ್ನು ಗುಜರಿಗೆ ಹಾಕಬೇಡಿ.

ನನ್ನ ಲೆಕ್ಕ ಹೀಗೆ ಬಂತು: ಎರಡು ಯಂತ್ರಗಳು ಅರ್ಹ. ಆರು ನಾಲ್ಕನೆಯ ಪೀಳಿಗೆಯವು, 4 ಜಿಬಿ ಮೆಮೊರಿ. ಮೂರು ಇನ್ನೂ ಹಳೆಯವು, 2 ಜಿಬಿ. ಅರ್ಹವಲ್ಲದ ಯಂತ್ರಕ್ಕೂ ಪರೀಕ್ಷೆಗಳನ್ನು ತಪ್ಪಿಸಿ ವಿಂಡೋಸ್ 11 ಹಾಕುವ ಉಪಾಯಗಳಿವೆ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ತಿದ್ದುಪಡಿ ಬಂದೇ ಬರುತ್ತದೆಂದು ಕಂಪನಿ ಮಾತು ಕೊಡುವುದಿಲ್ಲ. ತಿದ್ದುಪಡಿಗಾಗಿಯೇ ಬದಲಾಯಿಸುತ್ತಿರುವಾಗ ಇದರಲ್ಲಿ ಅರ್ಥವಿಲ್ಲ ಅನ್ನಿಸಿತು.

ನಾವು ಪಾಠಯೋಜನೆ ಬರೆಯುವಾಗ ಮೊದಲು ಉದ್ದೇಶ, ಆಮೇಲೆ ಬೋಧನೋಪಕರಣ. ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಉಪಕರಣದಿಂದಲೇ ಶುರು ಮಾಡುತ್ತೇವೆ. ಬುಧವಾರ ನಾನು ಈ ಕೊಠಡಿಯಲ್ಲಿ ನಡೆಯುವ ಕೆಲಸಗಳನ್ನು ಬರೆದುಕೊಂಡೆ. ವಿಜ್ಞಾನಕ್ಕೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಅನುಕರಣೆಗಳು, ಗಣಿತಕ್ಕೆ ಜಿಯೋಜೀಬ್ರಾ. ಎರಡೂ ಬ್ರೌಸರಿನಲ್ಲಿ ನಡೆಯುತ್ತವೆ, ಕೆಳಗೆ ಯಾವ ವ್ಯವಸ್ಥೆ ಇದೆ ಎಂದು ಕೇಳುವುದಿಲ್ಲ. ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್ ಕೂಡ ಬ್ರೌಸರಿನಲ್ಲೇ. ಮಕ್ಕಳ ಟೈಪಿಂಗ್ ಅಭ್ಯಾಸ ಎಲ್ಲಿ ಬೇಕಾದರೂ ಆಗುತ್ತದೆ. ಫ್ಲ್ಯಾಶ್‌ನಲ್ಲಿ ಮಾಡಿದ ಹಳೆಯ ಸಿಡಿ ಪಾಠಗಳು ಕಪಾಟಿನಲ್ಲಿದ್ದವು. ಫ್ಲ್ಯಾಶ್‌ಗೆ ಬೆಂಬಲ 2020ರ ಡಿಸೆಂಬರ್ 31ಕ್ಕೇ ನಿಂತಿದೆ. ಅವನ್ನು ಯಾರೂ ಕೇಳುವವರೇ ಇಲ್ಲ. ವಿಂಡೋಸನ್ನೇ ಕೇಳುವ ಕೆಲಸ ಒಂದೇ ಒಂದು ಉಳಿಯಿತು: ಹಳೆಯ ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಬೆರಳಚ್ಚಿಸಿ ಮುದ್ರಿಸುವುದು.

ಹಾಗಾದರೆ ಆ ಆರು ಯಂತ್ರಗಳಿಗೆ ಲಿನಕ್ಸ್ ಹಾಕಬಹುದು ಅನ್ನಿಸಿತು. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆ ಸಿದ್ಧಪಡಿಸಿದ ಉಬುಂಟು ಆಧಾರಿತ ವ್ಯವಸ್ಥೆಯಲ್ಲೇ ಮಕ್ಕಳು ಕಲಿಯುತ್ತಾರೆ. ನಾನು ಲಿನಕ್ಸ್ ಮಿಂಟ್ ಆರಿಸಿಕೊಂಡೆ. ಅದರ ಹಗುರ ರೂಪಕ್ಕೆ 4 ಜಿಬಿ ಸಾಕು, 22ನೆಯ ಆವೃತ್ತಿಗೆ 2029ರವರೆಗೆ ಬೆಂಬಲವಿದೆ, ದುಡ್ಡು ಕೊಡಬೇಕಿಲ್ಲ. ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡುವ ಅನುಕೂಲವೂ ಇದೆ. ಹಾಗೆ ನಡೆಸಿದಾಗ ಯಂತ್ರದ ಡಿಸ್ಕಿಗೆ ಏನೂ ಬರೆಯುವುದಿಲ್ಲ. ಪ್ರೊಜೆಕ್ಟರ್ ಬಂತು, ಧ್ವನಿ ಬಂತು, ಫೆಟ್ ನಡೆಯಿತು. ಶಾಲೆಯ ಹಳೆಯ ಪ್ರಿಂಟರ್ ಮಾತ್ರ ಏನು ಮಾಡಿದರೂ ಮುದ್ರಿಸಲಿಲ್ಲ. ಎಂಟನೆಯ ತರಗತಿಯ ನಾಲ್ಕು ಮಕ್ಕಳನ್ನು ಕೂರಿಸಿದೆ. ಮೆನು ಎಲ್ಲಿದೆ ಎಂದು ಒಂದೆರಡು ನಿಮಿಷ ಹುಡುಕಿ, ಆಮೇಲೆ ನನ್ನನ್ನು ಮರೆತೇಬಿಟ್ಟರು.

ಗುರುವಾರ ಆದದ್ದು ನನ್ನ ತಪ್ಪು. ಕೊನೆಯ ಸಾಲಿನ ಯಂತ್ರವನ್ನು ತರಗತಿಗೆ ಯಾರೂ ಬಳಸುವುದಿಲ್ಲವೆಂದು ಅದಕ್ಕೇ ಮಿಂಟ್ ಸ್ಥಾಪಿಸಲು ಕುಳಿತೆ. 'ಡಿಸ್ಕ್ ಅಳಿಸಿ ಸ್ಥಾಪಿಸು' ಎಂಬ ಆಯ್ಕೆ ಬಂದಾಗ, ಕಡತಗಳು ಇರುವುದು ಡಿ ಡ್ರೈವಿನಲ್ಲಿ, ಅಳಿಯುವುದು ಸಿ ಡ್ರೈವ್ ಎಂದುಕೊಂಡು ಒತ್ತಿದೆ. ಸಿ ಮತ್ತು ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗಗಳು, ಒಂದೇ ಹೊಲಕ್ಕೆ ಹಾಕಿದ ಬದುವಿನ ಹಾಗೆ. ಇಡೀ ಹೊಲ ಉಳುಮೆಯಾಯಿತು. ಅದು ಗಣಿತದ ಸರ್ ಸಂಜೆ ಕುಳಿತು ಪ್ರಶ್ನೆಪತ್ರಿಕೆ ಬೆರಳಚ್ಚಿಸುವ ಯಂತ್ರ. 2014ರಿಂದ ಅವರು ಮಾಡಿದ ಕಿರುಪರೀಕ್ಷೆ, ಅರ್ಧವಾರ್ಷಿಕ, ಎಸ್‌ಎಸ್‌ಎಲ್‌ಸಿ ಅಭ್ಯಾಸ ಪತ್ರಿಕೆಗಳೆಲ್ಲ ಅಲ್ಲಿದ್ದವು. ಅವರ ಮುಂದೆ ನಿಂತು ಹೇಳುವಾಗ ನನ್ನ ಧ್ವನಿ ಹೊರಡಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪ್ರಿಂಟ್ ಎಲ್ಲಾ ಬೀರೂಲಿ ಇದೆ ಬಾಮ್ಮ. ಆದ್ರೆ ಇನ್ಮೇಲೆ ಕೇಳ್ದೆ ಕೈ ಹಾಕ್ಬೇಡ" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಅವರ ಪೆನ್‌ಡ್ರೈವ್‌ನಲ್ಲಿ ಕೆಲವು ಕಡತಗಳು ಉಳಿದಿದ್ದವು. ಅವನ್ನು ಮಿಂಟ್‌ನಲ್ಲಿ ತೆರೆದರೆ ಕನ್ನಡವೇ ಇಲ್ಲ. ಕ ಇರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ಪಿ ಅಕ್ಷರ, ನ ಇರಬೇಕಾದಲ್ಲಿ ಬ್ರಿಟಿಷರ ಪೌಂಡಿನ ಚಿಹ್ನೆ. ಇದಕ್ಕೆ ಲಿನಕ್ಸ್ ಕಾರಣವಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಫಾಂಟುಗಳಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ಆಕಾರ ಹೊದಿಸುವುದು ಫಾಂಟು. ಫಾಂಟು ಇಲ್ಲದಿದ್ದರೆ ಹೊದಿಕೆ ಜಾರುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಕ ಎಂಬ ಅಕ್ಷರಕ್ಕೇ 3221 ಎಂಬ ಸ್ವಂತ ಸಂಖ್ಯೆ ಇದೆ. ಅದನ್ನು ಯಾವ ವ್ಯವಸ್ಥೆಯಲ್ಲಿ ತೆರೆದರೂ ಅದು ಕ.

ನುಡಿ ಫಾಂಟುಗಳನ್ನು ಲಿನಕ್ಸ್‌ಗೆ ಹಾಕಿದೆ, ಹಳೆಯ ಕಡತಗಳು ಕಣ್ಣಿಗೆ ಸರಿಯಾದವು. ಓದಬಹುದು, ಆದರೆ ಹಳೆಯ ನುಡಿಯ ಬೆರಳಚ್ಚು ತಂತ್ರಾಂಶ ವಿಂಡೋಸಿನದು, ಅಲ್ಲಿ ತಿದ್ದಲಾಗದು. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ, ಫಲಿತಾಂಶವನ್ನು ಕುಳಿತು ಓದಲೇಬೇಕು. ಅದರಲ್ಲೂ ಅರ್ಕಾವತ್ತು. 'ಸೂರ್ಯ' ಎಂಬಲ್ಲಿ ಯೂನಿಕೋಡ್ ಉಚ್ಚಾರಣೆಯ ಕ್ರಮ ಹಿಡಿಯುತ್ತದೆ, ರ್ ಮೊದಲು, ಯ ಆಮೇಲೆ. ಹಳೆಯ ನುಡಿ ಕಣ್ಣಿಗೆ ಕಾಣುವ ಕ್ರಮ ಹಿಡಿಯುತ್ತದೆ, ಯ ಮೊದಲು, ಅರ್ಕಾವತ್ತು ಆಮೇಲೆ. ಪರಿವರ್ತಕ ಇದನ್ನು ಹಿಂದುಮುಂದು ಮಾಡಬೇಕು. ವರ್ಗಮೂಲ, ವರ್ಗಸಮೀಕರಣ ಎಂದು ಸಾಲುಸಾಲಾಗಿ ಬರುವ ಗಣಿತದ ಪತ್ರಿಕೆಯಲ್ಲಿ ಒಂದು ಅರ್ಕಾವತ್ತು ತಪ್ಪಿದರೂ ಮಗು ಓದುವಾಗ ಎಡವುತ್ತದೆ.

ಹೊಸದಾಗಿ ಬೆರಳಚ್ಚಿಸುವುದು ಇಷ್ಟು ಕಷ್ಟವಲ್ಲ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಬೇಕಾದ ಕೆ.ಪಿ. ರಾವ್ ವಿನ್ಯಾಸ ಲಿನಕ್ಸ್‌ನಲ್ಲಿ 'ಕಗಪ' ಎಂಬ ಹೆಸರಿನಲ್ಲಿ ಮೊದಲೇ ಇದೆ. ಕೀಬೋರ್ಡ್ ಪಟ್ಟಿಯಿಂದ ಆರಿಸಿಕೊಂಡರೆ ಸಾಕು.

ಇನ್ನೊಂದು ದಾರಿಯನ್ನೂ ಹಾಳೆಯಲ್ಲಿ ಬರೆದೆ. ವಿಂಡೋಸ್ 10ಕ್ಕೆ ದುಡ್ಡು ಕೊಟ್ಟು ತಿದ್ದುಪಡಿ ಪಡೆಯುವುದನ್ನು ಮೂರು ವರ್ಷ ಮುಂದುವರಿಸಬಹುದು. ಶಿಕ್ಷಣ ಸಂಸ್ಥೆಗಳಿಗೆ ಒಂದು ಯಂತ್ರಕ್ಕೆ ಮೊದಲ ವರ್ಷ 1 ಡಾಲರ್, ಎರಡನೆಯ ವರ್ಷ 2, ಮೂರನೆಯ ವರ್ಷ 4. ಗುಣೋತ್ತರ ಶ್ರೇಢಿಗೆ ಉದಾಹರಣೆ ಹುಡುಕುತ್ತಿರುವವರು ಇದನ್ನು ಇಟ್ಟುಕೊಳ್ಳಬಹುದು. ದರ ಅಗ್ಗ, ಆದರೆ ಸಂಸ್ಥೆಗಳ ಪರವಾನಗಿ ಒಪ್ಪಂದದ ಮೂಲಕ ಪಡೆಯಬೇಕು, ಹಳ್ಳಿಯ ಒಂದು ಶಾಲೆ ತಾನೇ ಮುಗಿಸುವ ಕೆಲಸವಲ್ಲ. ನಿಮ್ಮ ಸ್ವಂತ ಲ್ಯಾಪ್‌ಟಾಪ್ ವಿಂಡೋಸ್ 10 ಆಗಿದ್ದರೆ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಇಂಥದೇ ಅವಕಾಶವಿದೆ, ನೋಂದಾಯಿಸಿಕೊಳ್ಳಿ.

ಶನಿವಾರ ನಾನು ಕೊಟ್ಟ ಹಾಳೆಯಲ್ಲಿ ಇದ್ದದ್ದು ಇಷ್ಟು. ಅರ್ಹವಾದ ಎರಡು ಯಂತ್ರಗಳಿಗೆ ವಿಂಡೋಸ್ 11, ಅಸಲಿ ವಿಂಡೋಸ್ 10 ಇರುವುದರಿಂದ ಅದು ಉಚಿತ. ಸ್ಯಾಟ್ಸ್ ಕೆಲಸ ಇವುಗಳಲ್ಲಿ. ನಾಲ್ಕನೆಯ ಪೀಳಿಗೆಯ ಆರಕ್ಕೆ ಲಿನಕ್ಸ್, ಮಕ್ಕಳ ತರಗತಿಗೆ. 2 ಜಿಬಿಯ ಮೂರೂ ವಿಂಡೋಸ್ 10ರಲ್ಲೇ ಇರಲಿ, ಅಂತರಜಾಲ ಬೇಡ. ಅದರಲ್ಲಿ ಎರಡು ಟೈಪಿಂಗ್ ಅಭ್ಯಾಸಕ್ಕೆ, ಇನ್ನೊಂದು ನುಡಿಗೆ ಮತ್ತು ಪ್ರಿಂಟರಿಗೆ. ಯಾವುದಕ್ಕೂ ಕೈ ಹಾಕುವ ಮೊದಲು ಎಲ್ಲ ಕಡತಗಳ ಪ್ರತಿ ಎರಡು ಕಡೆ ಇರಲಿ. ಇದನ್ನು ನಾನು ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ ಬರೆದಿದ್ದೆ. ದುಡ್ಡು ಖರ್ಚಾಗುವುದು ಆರು ಎಸ್‌ಎಸ್‌ಡಿಗಳಿಗೆ ಮಾತ್ರ. 40 ನಿಮಿಷದ ಅವಧಿಯಲ್ಲಿ ಈ ಯಂತ್ರಗಳು ಏಳುವುದಕ್ಕೇ ನಾಲ್ಕು ನಿಮಿಷ ತಿನ್ನುತ್ತವೆ, ಅದಕ್ಕೆ ಹೆಚ್ಚಿನ ಕಾರಣ ತಿರುಗುವ ಹಳೆಯ ಹಾರ್ಡ್‌ಡಿಸ್ಕ್. ಉಳಿದದ್ದು ಪ್ರಯೋಗಾಲಯಕ್ಕೆ.

ಸಭೆಯಲ್ಲಿ ಒಬ್ಬ ಪೋಷಕರು, "ಮುಂದೆ ಕೆಲಸಕ್ಕೆ ಹೋದ್ರೆ ಎಲ್ಲಾ ಕಡೆ ವಿಂಡೋಸೇ ಇರುತ್ತಲ್ಲಮ್ಮ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಹತ್ತನೆಯ ತರಗತಿಯವರಿಗೆ ವಾರಕ್ಕೊಂದು ಅವಧಿ ಆ ಎರಡು ಯಂತ್ರಗಳಲ್ಲಿ ಸರದಿ ಕೊಡುವುದೆಂದು ವೇಳಾಪಟ್ಟಿಗೆ ಸೇರಿಸಿದೆವು. ಎರಡು ಯಂತ್ರಕ್ಕೆ ಮೂವತ್ತೆಂಟು ಮಕ್ಕಳು. ಅದು ಸಾಕಾಗುವುದಿಲ್ಲ, ನನಗೆ ಗೊತ್ತು.

ಗಣಿತದ ಸರ್ ಅವರ ಪತ್ರಿಕೆಗಳನ್ನು ನಾವು ನಾಲ್ವರು ಪ್ರಶಿಕ್ಷಣಾರ್ಥಿಗಳು ಮಧ್ಯಾಹ್ನದ ಬಿಡುವಿನಲ್ಲಿ ಯೂನಿಕೋಡ್‌ನಲ್ಲಿ ಮತ್ತೆ ಬೆರಳಚ್ಚಿಸುತ್ತಿದ್ದೇವೆ. 2014ರಿಂದ 2019ರವರೆಗಿನವು ಮುಗಿದಿವೆ. ಮುಂದಿನ ತಂಡದವರು ಈ ಶಾಲೆಗೆ ಬಂದರೆ, ಉಳಿದ ಮುದ್ರಿತ ಪ್ರತಿಗಳು ಬೀರುವಿನ ಎರಡನೆಯ ಅರೆಯಲ್ಲಿ ವರ್ಷವಾರು ಕಟ್ಟುಗಳಲ್ಲಿವೆ. ತೆಗೆಯುವ ಮೊದಲು ಸರ್ ಅವರನ್ನು ಕೇಳಿ.