ಮಕ್ಕಳ ಬಳಿಗೆ ಪರದೇಶಕ್ಕೆ ಹೋದ ಹಿರಿಯರು

ನಮ್ಮ ವಾಚನಾಲಯಕ್ಕೆ ಪ್ರತಿ ಸಂಜೆ ತಪ್ಪದೆ ಬರುತ್ತಿದ್ದ ಹಿರಿಯರೊಬ್ಬರು, ಹೆಂಡತಿ ತೀರಿಕೊಂಡ ಮೇಲೆ, ಅಮೇರಿಕೆಯ ನ್ಯೂಜರ್ಸಿಯಲ್ಲಿರುವ ಮಗನ ಮನೆಗೆ ಹೋದರು. ಬೀಳ್ಕೊಡುವಾಗ ನಾವೆಲ್ಲ “ನೀವು ಪುಣ್ಯವಂತರು” ಎಂದೆವು. ಮೊದಮೊದಲು ಫೋನಿನಲ್ಲಿ ಅವರ ಮಾತು ಮುಗಿಯುತ್ತಿರಲಿಲ್ಲ. ಚಳಿಗಾಲ ಹಿಡಿದ ಮೇಲೆ ಎದೆ ಭಾರ, ಹೊಟ್ಟೆ ಸರಿಯಿಲ್ಲ, ನಿದ್ದೆಯಿಲ್ಲ, ಇಷ್ಟೇ. ಹೃದಯ, ಹೊಟ್ಟೆ ಎಲ್ಲದರ ಪರೀಕ್ಷೆಯಾಯಿತು, ದೋಷ ಸಿಕ್ಕಲಿಲ್ಲ. ಕಡೆಗೆ ಹಿಂದಿ ಬಲ್ಲ ವೈದ್ಯೆಯೊಬ್ಬರು ಮಗನನ್ನು ಹೊರಗೆ ಕೂಡಿಸಿ, “ದಿನವಿಡೀ ಏನು ಮಾಡುತ್ತೀರಿ?” ಎಂದು ಕೇಳಿದರಂತೆ. ಇವರು ಅತ್ತುಬಿಟ್ಟರು. ಅದು ಖಿನ್ನತೆಯೆಂಬ ಕಾಯಿಲೆ.

ಅದುವರೆಗೆ ದುಭಾಷಿಯಾಗಿದ್ದವನು ಮಗನೇ. ಮಗನ ಮನೆಯಲ್ಲಿ ಬೇಸರವೆಂಬುದನ್ನು ಮಗನ ಬಾಯಿಂದಲೇ ಹೇಳಿಸುವುದು ಹೇಗೆ?

ಅಮೇರಿಕೆಯಲ್ಲಿ 1965ರ ಕಾಯಿದೆಯ ತರುವಾಯ ನಮ್ಮವರು ಹೆಚ್ಚಾಗಿ ನೆಲೆಸಿದರು. ಅಲ್ಲಿಯ ಪೌರತ್ವ ಪಡೆದು 21 ವರ್ಷ ತುಂಬಿದವರು ತಂದೆತಾಯಿಯರನ್ನು ಕಾಯಂ ವಾಸಕ್ಕೆ ಕರೆಸಿಕೊಳ್ಳಬಹುದು. ಆದರೆ ಹಾಗೆ ಹೋದವರಿಗೆ 65 ದಾಟಿದವರ ಸರಕಾರೀ ಆರೋಗ್ಯ ವಿಮೆ ಸಾಮಾನ್ಯವಾಗಿ ಐದು ವರ್ಷ ಒಂದೇ ಸಮನೆ ವಾಸವಾದ ಮೇಲೆಯೇ. ಅಲ್ಲಿಯವರೆಗೆ ಖರ್ಚು ಮಗನ ತಲೆಗೆ ಬಂದೀತೆಂದು ಎಷ್ಟೋ ಹಿರಿಯರು ನೋವನ್ನು ನುಂಗಿಕೊಳ್ಳುತ್ತಾರೆ. ಕಾರು ನಡೆಸಲು ಬಾರದು, ಹೆಚ್ಚಿನ ಊರುಗಳಲ್ಲಿ ಕಾರಿಲ್ಲದೆ ಅಂಗಡಿಗೂ ಹೋಗಲಾಗದು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲೆ. ಮೊಮ್ಮಕ್ಕಳ ಮಾತು ಇಂಗ್ಲಿಷು. ನಲವತ್ತು ವರ್ಷ ಮನೆ ನಡೆಸಿದವರು ಹತ್ತು ರೂಪಾಯಿಯ ಎಲೆಯಡಿಕೆಗೂ ಇನ್ನೊಬ್ಬರ ಕೈ ನೋಡಬೇಕು. (ಎಲೆಯಡಿಕೆ ಅಲ್ಲಿ ಹತ್ತು ರೂಪಾಯಿಗೆ ಸಿಗದೆಂಬುದು ಬೇರೆ ಮಾತು.)

ನಮ್ಮ ಹಿರಿಯರು “ಮನಸ್ಸು ಸರಿಯಿಲ್ಲ” ಎನ್ನುವುದು ಅಪರೂಪ. ತಲೆ, ಎದೆ, ಕೈಕಾಲುಗಳ ಮೇಲೆ ಹೇಳುತ್ತಾರೆ. ಅದು ಸೋಗಲ್ಲ, ನೋವು ನಿಜವಾದದ್ದೇ. ಊಟ, ನಿದ್ದೆ, ಮಾತು, ಆಸೆ ಇವು ಎರಡು ವಾರಕ್ಕೂ ಮೀರಿ ಕುಂದಿದರೆ ವೈದ್ಯರಿಗೆ ತೋರಿಸತಕ್ಕದ್ದು. ಕೆಲವರಲ್ಲಿ ಮರೆವೂ ಕಾಣುತ್ತದೆ. ಮನೆಯವರು ಅರಳುಮರಳೆಂದು ಕೈಬಿಡುತ್ತಾರೆ. ಥೈರಾಯಿಡ್ ದೋಷದಿಂದಲೂ, ಬಿ-12 ಜೀವಸತ್ವದ ಕೊರತೆಯಿಂದಲೂ ಹೀಗಾಗಬಹುದಾದ್ದರಿಂದ ರಕ್ತಪರೀಕ್ಷೆ ಮಾಡಿಸುತ್ತಾರೆ. ಬಿ-12ರ ಕೊರತೆ ಶಾಕಾಹಾರಿಗಳಲ್ಲಿ ಹೆಚ್ಚು. ಖಿನ್ನತೆಯ ಗುಳಿಗೆ ತಲೆನೋವಿನ ಗುಳಿಗೆಯಂತೆ ಆ ಗಳಿಗೆಗೇ ಹಿಡಿಯುವುದಿಲ್ಲ, ಕೆಲವು ವಾರ ಬೇಕು. ಗುಣ ಕಂಡಿತೆಂದು ವೈದ್ಯರನ್ನು ಕೇಳದೆ ಬಿಡಲೂಬಾರದು.

ನಮ್ಮ ಸ್ನೇಹಿತರಿಗೆ ಗುಳಿಗೆಯೂ ನೆರವಾಯಿತು, ಹಗಲು ಕೇಂದ್ರವೂ ನೆರವಾಯಿತು. ಭಾರತೀಯ ವೃದ್ಧರಿಗಾಗಿಯೇ ಇರುವ ಇಂಥ ಕೇಂದ್ರಗಳು ನ್ಯೂಜರ್ಸಿಯಲ್ಲಿವೆ. ಬೆಳಿಗ್ಗೆ ಗಾಡಿ ಮನೆಬಾಗಿಲಿಗೆ ಬರುತ್ತದೆ; ಅನ್ನ ಸಾರು, ಇಸ್ಪೀಟು, ಹರಟೆ. ಜತೆಗೆ ಮಗ ಮನೆಯ ಬೀಗದ ಕೈಯೊಂದನ್ನು ಅವರಿಗೇ ಕೊಟ್ಟ. ಅದನ್ನು ಅವರು ಮೂರು ಸಲ ಹೇಳಿದರು.

ಇದು ಅಮೇರಿಕೆಯ ಸಂಗತಿ, ನಮಗೇಕೆ ಎನ್ನಬೇಡಿರಿ. ಹೊಲಮನೆಯಲ್ಲಿ ತಿರುಗಾಡಿಕೊಂಡಿದ್ದ ನಮ್ಮ ತಾಯಿಯವರನ್ನು ಮುಂಬಯಿಯ ಒಂದೇ ಖೋಲಿಗೆ ಕರೆತಂದಾಗ, ಅವರು “ಕಾಲು ಉರಿ” ಎಂದರು. ನಾವು ಗಿರಣಿಯಿಂದ ಬಂದವರು ಆರು ತಿಂಗಳು ಎಣ್ಣೆ ತಂದುಕೊಟ್ಟೆವೇ ಹೊರತು ಪಕ್ಕದಲ್ಲಿ ಕೂತು ಕೇಳಲಿಲ್ಲ. ಮರಾಠಿ ಬಾರದ ಅವರು ನೀರಿನ ಸಾಲಿನಲ್ಲಿಯೂ ಮೂಕರಾಗಿದ್ದರೆಂಬುದು ತಡವಾಗಿ ತಿಳಿಯಿತು.

ಭಾರತದಲ್ಲಿ 2022ರಿಂದ ಟೆಲಿ-ಮಾನಸ್ ಎಂಬ ಸರಕಾರೀ ಸೇವೆಯಿದೆ. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಪುಕ್ಕಟೆಯಾಗಿ, ಕನ್ನಡದಲ್ಲಿಯೂ ಮಾತಾಡಬಹುದು. ಅಮೇರಿಕೆಯಲ್ಲಿ ಬದುಕೇ ಬೇಡವೆನಿಸಿದವರಿಗೆ 988 ಸಂಖ್ಯೆಯಿದೆ. ದುಭಾಷಿ ಬೇಕೆಂದು ಕೇಳಬಹುದು. ಆಸ್ಪತ್ರೆಯಲ್ಲಿಯೂ ಮಗನ ಬದಲು ದುಭಾಷಿಯನ್ನು ಕೇಳುವುದು ಲೇಸು.

ಚಳಿಗಾಲದಲ್ಲಿ ನಮ್ಮಲ್ಲಿ ಸಂಜೆ 7 ಆದಾಗ ನ್ಯೂಜರ್ಸಿಯಲ್ಲಿ ಬೆಳಿಗ್ಗೆ 8-30. ಆದಿತ್ಯವಾರ ಆ ಹೊತ್ತಿಗೆ ವಾಚನಾಲಯದಿಂದ ಅವರಿಗೆ ಫೋನು ಮಾಡುತ್ತೇವೆ. ಅವರನ್ನು ಬಲ್ಲವರು ಐದು ನಿಮಿಷ ಮೊದಲೇ ಬರಬೇಕು.